ಕರಕರ ಸದ್ದಿನ ಪ್ರೀತಿ



ಮಂಗಳೂರು ಆಕಾಶವಾಣಿಯಿಂದ ಕಲ್ಲಿಕೋಟೆ ನಿಲಯಕ್ಕೆ ರೇಡಿಯೋದ ಮುಳ್ಳು ತಿರುಗಿಸುವಾಗ ನಡುವೆ ಒಂದು ಕರಕರ ಸದ್ದು ಬರುತ್ತಿತ್ತಲ್ಲ, ನೆನಪಿದೆಯೇ? ಗಡಿಯ ಊರಿನ ನಾವು ಆ ಸದ್ದನ್ನು ದಾಟದೆ ಯಾವ ಭಾಷೆಯನ್ನೂ ಕೇಳಿದವರಲ್ಲ. ನಾನು ಇಂದು ಮಾತನಾಡಲು ಹೊರಟಿರುವುದು ಹೆಚ್ಚುಕಡಿಮೆ ಅದೇ ಸದ್ದನ್ನು ಸಂಗೀತ ಮಾಡಿಕೊಂಡವರ ಬಗ್ಗೆ. ಇಂಗ್ಲಿಷಿನಲ್ಲಿ ಇದನ್ನು ಪಂಕ್ ಎನ್ನುತ್ತಾರೆ, ಇನ್ನೂ ಒರಟಾದರೆ ನಾಯ್ಸ್ ರಾಕ್, ಅಂದರೆ ಗದ್ದಲದ ರಾಕ್.

ನನಗೆ ಈ ಹುಚ್ಚು ಹಿಡಿದದ್ದು ಒಂದು ಕ್ಯಾಸೆಟ್ಟಿನಿಂದ. 1993ರಲ್ಲಿ ಬಂದ ನಿರ್ವಾಣ ತಂಡದ 'ಇನ್ ಯುಟೆರೊ'. ಮನೆಯ ಜಗಲಿಯಲ್ಲಿ ಹಾಕಿದಾಗ ಒಳಗೆ ಅಡಿಕೆ ಸುಲಿಯುತ್ತಿದ್ದ ಅಮ್ಮ ಕೇಳಿದ್ದರು: "ಎಂತದಾ ಅದು, ಸ್ಟೇಶನ್ ಸರಿ ಹಿಡಿಯುದಿಲ್ವಾ?" ಸ್ಟೇಶನ್ ಸರಿಯಾಗಿಯೇ ಹಿಡಿದಿತ್ತು. ನನ್ನನ್ನು ಹಿಡಿದದ್ದು ಹಾಡಲ್ಲ, ಡ್ರಮ್ಮಿನ ಸದ್ದು. ಕೋಲದ ರಾತ್ರಿ ಚೆಂಡೆಯ ಎದುರೇ ನಿಂತವರಿಗೆ ಗೊತ್ತು, ಪೆಟ್ಟು ಮೊದಲು ಎದೆಗೆ ಬರುತ್ತದೆ, ಆಮೇಲೆ ಕಿವಿಗೆ. ಕ್ಯಾಸೆಟ್ಟಿನಲ್ಲಿ ಅಂಥ ಪೆಟ್ಟನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅದನ್ನು ಧ್ವನಿಮುದ್ರಿಸಿದವನು ಶಿಕಾಗೋ ನಗರದ ಸ್ಟೀವ್ ಆಲ್ಬಿನಿ. ಈತನ ಕ್ರಮ ಸರಳ. ತಂಡದವರೆಲ್ಲ ಒಂದೇ ಹೊತ್ತಿಗೆ ನುಡಿಸಬೇಕು, ಕೋಣೆಯ ಗುಂಗೂ ಸೇರುವಂತೆ ಮೈಕುಗಳನ್ನು ಇಡಬೇಕು, ಕಾಂತೀಯ ಟೇಪಿಗೆ ಇಳಿಸಬೇಕು. ತಪ್ಪಿದರೆ ಮತ್ತೆ ನುಡಿಸಬೇಕು. 1997ರಲ್ಲಿ ತಾನೇ ಕಟ್ಟಿಸಿದ ಎಲೆಕ್ಟ್ರಿಕಲ್ ಆಡಿಯೋ ಸ್ಟುಡಿಯೋದ ಗೋಡೆಗಳಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ ಹಾಕಿಸಿದ. ನಮ್ಮ ಹಿರಿಯರ ಮಣ್ಣಿನ ಮನೆಗಳಲ್ಲಿ ಮಾತು ಯಾಕೆ ಮೆತ್ತಗೆ ಕೇಳುತ್ತಿತ್ತು ಎಂದು ನನಗೆ ಆಗ ಹೊಳೆಯಿತು!

ಅದಕ್ಕಿಂತ ದೊಡ್ಡ ಮಾತು ಹಣದ್ದು. ರೆಕಾರ್ಡು ಮಾರಾಟವಾದಷ್ಟೂ ಧ್ವನಿಮುದ್ರಿಸಿದವನಿಗೆ ಪಾಲು ಬರುವುದು ಆ ದಂಧೆಯ ವಾಡಿಕೆ. ಆಲ್ಬಿನಿ ಅದನ್ನು ಮುಟ್ಟಲಿಲ್ಲ. ಪ್ಲಂಬರನಿಗೆ ಕೊಡುವಂತೆ ಕೆಲಸಕ್ಕೆ ಸಂಬಳ ಕೊಡಿ, ಹಾಡು ನಿಮ್ಮದು ಎಂದು ನಿರ್ವಾಣಕ್ಕೆ ಕಾಗದ ಬರೆದಿದ್ದ. ಅವರ ರೆಕಾರ್ಡುಗಳು ಲಕ್ಷಗಟ್ಟಲೆ ಮಾರಾಟವಾಗುವುದು ಗೊತ್ತಿದ್ದೂ ಬರೆದ ಕಾಗದವದು. ಹೆಸರಿಲ್ಲದ ಸಣ್ಣ ತಂಡಗಳಿಗೂ ಕಡಿಮೆ ದರದಲ್ಲಿ ಅದೇ ಶ್ರದ್ಧೆಯಿಂದ ದುಡಿದ.

ಈತನ ಸ್ವಂತ ತಂಡ ಶೆಲ್ಯಾಕ್. ಗಿಟಾರು ಈತನದು, ಬಾಸ್ ಬಾಬ್ ವೆಸ್ಟನ್, ಡ್ರಮ್ ಟಾಡ್ ಟ್ರೇನರ್. ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕದೆ ಸೊಂಟಕ್ಕೆ ಬಿಗಿಯುತ್ತಿದ್ದ, ನಾವು ತೋಟಕ್ಕೆ ಹೋಗುವಾಗ ಕತ್ತಿ ಸಿಕ್ಕಿಸಿಕೊಳ್ಳುವ ಹಾಗೆ. 2014ರ ನಂತರ ಈ ತಂಡದ ಹೊಸ ಆಲ್ಬಂ ಇರಲಿಲ್ಲ. 'ಟು ಆಲ್ ಟ್ರೇನ್ಸ್' 2024ರ ಮೇ 17ಕ್ಕೆ ಬರುತ್ತದೆಂದು ತಿಳಿದು ನಾನು ದಿನ ಎಣಿಸುತ್ತಿದ್ದೆ. ಮೇ 7ರಂದು ಆಲ್ಬಿನಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 61.

ಹತ್ತು ದಿನ ಕಳೆದು ಆಲ್ಬಂ ಬಂತು. ಹತ್ತು ಹಾಡು, ಒಟ್ಟು 28 ನಿಮಿಷ. ನಮ್ಮಲ್ಲಿ ಬಸ್ಸಿಗೆ ಕಾಯುವಷ್ಟು ಹೊತ್ತೂ ಅಲ್ಲ. ಕೊನೆಯ ಹಾಡಿನ ಹೆಸರಿನ ಅರ್ಥ 'ನರಕದ ಭಯ ನನಗಿಲ್ಲ' ಎಂದು. ಸಾವಿನೊಡನೆ ತಮಾಷೆ ಮಾಡುವ ಹಾಡು ಅದು, ಹಾಡಿದವನು ಬದುಕಿದ್ದರೆ ನಗಬಹುದಿತ್ತು. ನಾನು ಮೊದಲ ಸಲ ಅದನ್ನು ಪೂರ್ತಿ ಕೇಳಲಾರದೆ ಎದ್ದು ದನಕ್ಕೆ ಹುಲ್ಲು ಹಾಕಲು ಹೋದೆ.

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಈತ ಹರೆಯದಲ್ಲಿ ತನ್ನ ಒಂದು ತಂಡಕ್ಕೆ ಇಟ್ಟ ಹೆಸರನ್ನು ನಾನು ಈ ಮೈಕಿನ ಎದುರು ಹೇಳಲಾರೆ. ಹೆಂಗಸರ ಮೇಲಿನ ಹಿಂಸೆಯನ್ನು ಚೇಷ್ಟೆಯಾಗಿ ಬಳಸಿದ ಹೆಸರದು. ನನ್ನ ಮಗಳು ಅದನ್ನು ಓದಿ, "ಅಪ್ಪಾ, ಇವನ ಹಾಡನ್ನಾ ನೀವು ಕೇಳುವುದು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. 2021ರಲ್ಲಿ ಆತ ತಾನೇ ಎಲ್ಲರೆದುರು ಒಪ್ಪಿಕೊಂಡಿದ್ದ, ಸುಖದಲ್ಲಿದ್ದವನ ಕುಚೋದ್ಯ ಅದು, ತಪ್ಪು ತನ್ನದು ಎಂದು. ಅದನ್ನು ಮಗಳಿಗೆ ತೋರಿಸಿದೆ. ಓದಿದಳು. "ತಡವಾಯಿತು" ಎಂದಳು. ಹೌದು, ತಡವಾಯಿತು. ಹಾಡು ನಾನು ಈಗಲೂ ಕೇಳುತ್ತೇನೆ, ಆ ಹೆಸರಿನ ತಂಡದ್ದನ್ನು ಬಿಟ್ಟು.

2024ರ ಸೆಪ್ಟೆಂಬರಿನಲ್ಲಿ ಜೀಸಸ್ ಲಿಜರ್ಡ್ ತಂಡದ 'ರ‍್ಯಾಕ್' ಬಂತು, 26 ವರ್ಷಗಳ ನಂತರದ ಆಲ್ಬಂ. ನೀರಿನ ಮೇಲೆ ಓಡುವ ಒಂದು ಜಾತಿಯ ಹಲ್ಲಿಯ ಹೆಸರು ಇದು. ಗಾಯಕ ಡೇವಿಡ್ ಯಾವ್ ಅರುವತ್ತು ದಾಟಿಯೂ ಬಾಯಿಗೆ ಬಟ್ಟೆ ತುರುಕಿದವನಂತೆ ಕಿರುಚುತ್ತಾನೆ. ಹಳಬರು ಮತ್ತೆ ಸೇರಿದರೆ ಸಾಮಾನ್ಯವಾಗಿ ಸಪ್ಪೆ. ಇದು ಸಪ್ಪೆಯಲ್ಲ.

ಆದರೆ ನೀವು ಒಂದನ್ನೇ ಕೇಳುವುದಾದರೆ ಒಕ್ಲಹೋಮಾ ನಗರದ ಚ್ಯಾಟ್ ಪೈಲ್ ತಂಡವನ್ನು ಕೇಳಿ. 2022ರಲ್ಲಿ 'ಗಾಡ್ಸ್ ಕಂಟ್ರಿ', 2024ರಲ್ಲಿ 'ಕೂಲ್ ವರ್ಲ್ಡ್'. ನಮ್ಮ ಕೇರಳವನ್ನೂ ದೇವರ ಸ್ವಂತ ನಾಡು ಎನ್ನುತ್ತೇವಲ್ಲ! ಚ್ಯಾಟ್ ಎಂದರೆ ಸೀಸ ಮತ್ತು ಸತುವಿನ ಗಣಿಯಿಂದ ಅದಿರು ತೆಗೆದ ಮೇಲೆ ಉಳಿಯುವ ಜಲ್ಲಿ. ಒಕ್ಲಹೋಮಾದ ಪಿಚರ್ ಎಂಬ ಊರಿನಲ್ಲಿ ಅದನ್ನು ಗುಡ್ಡಗುಡ್ಡವಾಗಿ ಸುರಿದು ಕಂಪೆನಿಗಳು ಹೊರಟುಹೋದವು. ಮಕ್ಕಳು ಆ ಗುಡ್ಡಗಳ ಮೇಲೆ ಜಾರುಬಂಡಿ ಆಡಿದರು. ಆಮೇಲೆ ಅವರ ರಕ್ತದಲ್ಲಿ ಸೀಸ ಸಿಕ್ಕಿತು. 2009ರಲ್ಲಿ ಆ ಊರಿನ ಪುರಸಭೆಯನ್ನೇ ಮುಚ್ಚಿದರು, ಜನ ಒಕ್ಕಲೆದ್ದರು.

ಪಡ್ರೆ, ಸ್ವರ್ಗ ಕಡೆಯ ಕೇಳುಗರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ. ಹೆಲಿಕಾಪ್ಟರ್ ನೋಡಲು ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು. ಅದರ ಕಥೆ ಬರೆದವರಿದ್ದಾರೆ, ಸಿನಿಮಾ ಮಾಡಿದವರಿದ್ದಾರೆ, ಕೋರ್ಟಿಗೆ ಹೋದವರಿದ್ದಾರೆ. ಚ್ಯಾಟ್ ಪೈಲ್ ಕೇಳುವಾಗ ನನಗೆ ಅನ್ನಿಸುವುದು ಇಷ್ಟು: ಅಂಥ ಮಣ್ಣಿನ ಮೇಲೆ ನಿಂತವನ ಗಂಟಲಿನಿಂದ ಇಂಪಾದ ರಾಗ ಬಂದರೇ ನನಗೆ ಅನುಮಾನ ಬರುತ್ತದೆ. ಆ ಗಿಟಾರಿನ ಭಾರ, ಆ ಗಾಯಕನ ಮಾತೋ ಅಳುವೋ ತಿಳಿಯದ ಧ್ವನಿ ನನಗೆ ಸುಳ್ಳು ಎನಿಸುವುದಿಲ್ಲ. ಮನೆಯಿಲ್ಲದೆ ಬೀದಿಯಲ್ಲಿ ಮಲಗುವವರ ಬಗ್ಗೆ ಅವರದೊಂದು ಹಾಡಿದೆ. ಹೆಸರು 'ವೈ', ಯಾಕೆ ಎಂದು. ಹಾಡಿನುದ್ದಕ್ಕೂ ಇರುವುದು ಅದೊಂದೇ ಪ್ರಶ್ನೆ.

ಕೇಳುವವರಿಗೆ ಒಂದು ಸೂಚನೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಇವು ಮಿಕ್ಸಿ ಕೆಟ್ಟಂತೆ ಕೇಳಿಸುತ್ತವೆ, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ. ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರಂತೂ ಕಡ್ಡಾಯ. ಮೊದಲ ಹಾಡಿಗೇ ಬಿಡಬೇಡಿ, ಮೂರನೆಯದರವರೆಗೆ ತಾಳಿಕೊಳ್ಳಿ. ಆಮೇಲೂ ಸೇರದಿದ್ದರೆ ನನಗೊಂದು ಕಾರ್ಡು ಬರೆಯಿರಿ, ಕನ್ನಡದಲ್ಲಾದರೂ ಸರಿ, ಮಲಯಾಳದಲ್ಲಾದರೂ ಸರಿ.