ಸಾರ್ವಜನಿಕ ದಾಖಲೆ ಮತ್ತು ವ್ಯಕ್ತಿಯ ಪೂರ್ವಾಪರ: ಬಳಕೆಗೆ ಕಾನೂನು ಹಾಕಿದ ಎಲ್ಲೆ

ನ್ಯಾಯಾಲಯದ ತೀರ್ಪು, ಆಸ್ತಿ ನೋಂದಣಿ, ದಿವಾಳಿ ಅರ್ಜಿ ಮೊದಲಾದ ದಾಖಲೆಗಳನ್ನು ಯಾರು ಬೇಕಾದರೂ ಕೇಳಿ ನೋಡಬಹುದೆಂಬುದು ಅಮೆರಿಕದ ಸಾರ್ವಜನಿಕ ಜೀವನದಲ್ಲಿ ಬೇರೂರಿದ ತತ್ತ್ವವಾಗಿದ್ದು, ಆಡಳಿತವೂ ನ್ಯಾಯದಾನವೂ ಜನರ ಕಣ್ಣೆದುರೇ ನಡೆಯಬೇಕೆಂಬುದು ಅದರ ಆಶಯ. ಆದರೆ ಪ್ರಭುತ್ವದ ಮೇಲೆ ನಿಗಾ ಇಡಲೆಂದು ತೆರೆದಿಟ್ಟ ದಾಖಲೆಯನ್ನೇ ಹಿಡಿದು ಒಬ್ಬನಿಗೆ ನೌಕರಿ, ಬಾಡಿಗೆ ಮನೆ ಅಥವಾ ಸಾಲವನ್ನು ನಿರಾಕರಿಸಿದರೆ ಆ ಆಶಯವೇ ತಿರುವುಮುರುವಾಗುತ್ತದೆ. ದಾಖಲೆಯನ್ನು ನೋಡುವ ಹಕ್ಕು ಬೇರೆ, ಅದರ ಬಲದಿಂದ ಮತ್ತೊಬ್ಬರ ಬದುಕನ್ನು ತೀರ್ಮಾನಿಸುವ ಅಧಿಕಾರ ಬೇರೆ ಎಂಬ ವಿವೇಕವೇ ಈ ಉಪನ್ಯಾಸದ ವಿಷಯ.

ಈ ವಿವೇಕಕ್ಕೆ ಶಾಸನರೂಪ ಕೊಟ್ಟದ್ದು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್. ವ್ಯಕ್ತಿಯ ಸಾಲದ ಚರಿತ್ರೆ, ನಡತೆ, ಹೆಸರು, ಜೀವನರೀತಿಗಳನ್ನು ಕುರಿತು ಸಂಸ್ಥೆಯೊಂದು ಮಾಹಿತಿ ಕಲೆಹಾಕಿ, ಸಾಲ, ವಿಮೆ, ನೌಕರಿಗಳಿಗೆ ಅವನ ಅರ್ಹತೆಯನ್ನು ಅಳೆಯಲೆಂದು ಒದಗಿಸಿದರೆ ಅದು ‘ಗ್ರಾಹಕ ವರದಿ’ ಎನಿಸುತ್ತದೆ. ಆ ಮಾಹಿತಿ ಸಾರ್ವಜನಿಕ ಕಡತದಿಂದಲೇ ಬಂದಿದ್ದರೂ ಈ ಕಾನೂನು ಅನ್ವಯಿಸುತ್ತದೆ. ಇಂಥ ವರದಿಯನ್ನು ಶಾಸನವೇ ಹೆಸರಿಸಿದ ‘ಸಮ್ಮತ ಉದ್ದೇಶ’ಗಳಿಗಲ್ಲದೆ ಬರಿಯ ಕುತೂಹಲಕ್ಕೆ ಪಡೆಯುವಂತಿಲ್ಲ. ನೌಕರಿ ಕೊಡುವವನು ಅಭ್ಯರ್ಥಿಗೆ ಪ್ರತ್ಯೇಕ ಪತ್ರದಲ್ಲಿ ವಿಷಯ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ವರದಿಯ ಕಾರಣಕ್ಕೆ ಕೆಲಸ ನಿರಾಕರಿಸುವ ಮೊದಲು ಅದರ ಪ್ರತಿಯನ್ನು ಅವನ ಕೈಗೆ ಕೊಡಬೇಕು. ತಪ್ಪಿದೆಯೆಂದು ಅವನು ಆಕ್ಷೇಪಿಸಿದರೆ ಸಂಸ್ಥೆ ಸಾಮಾನ್ಯವಾಗಿ 30 ದಿನಗಳೊಳಗೆ ಮರುಪರಿಶೀಲಿಸಬೇಕು. ಶಿಕ್ಷೆಯಲ್ಲಿ ಕೊನೆಗೊಳ್ಳದ ಬಂಧನವನ್ನು 7 ವರ್ಷಗಳಾಚೆಗೆ, ದಿವಾಳಿತನವನ್ನು 10 ವರ್ಷಗಳಾಚೆಗೆ ಸಾಮಾನ್ಯವಾಗಿ ವರದಿಯಲ್ಲಿ ಸೇರಿಸುವಂತಿಲ್ಲ. ಅಪರಾಧ ಸಾಬೀತಾದ ಪ್ರಕರಣಕ್ಕೆ ಮಾತ್ರ ಈ ಕೇಂದ್ರ ಕಾನೂನಿನಲ್ಲಿ ಕಾಲಮಿತಿಯಿಲ್ಲ.

ವ್ಯಕ್ತಿಗಳ ವಿವರ ಹುಡುಕಿಕೊಡುವ ಜಾಲತಾಣಗಳು ತಾವು ವರದಿ ಸಂಸ್ಥೆಗಳಲ್ಲವೆಂದು ನಿಬಂಧನೆಯಲ್ಲಿ ಬರೆದುಕೊಂಡು ಈ ಹೊಣೆಯಿಂದ ಜಾರಿಕೊಳ್ಳಲು ನೋಡಿದ್ದುಂಟು. ಸ್ಪೋಕಿಯೊ ಕಂಪನಿ ವ್ಯಕ್ತಿವಿವರಗಳನ್ನು ನೌಕರಿ ನೇಮಕಾತಿಯವರಿಗೆ ಮಾರುತ್ತಿತ್ತೆಂದು ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿದಾಗ, ಕಂಪನಿ 2012ರಲ್ಲಿ 8 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಮಾಹಿತಿಯನ್ನು ಯಾವ ಕೆಲಸಕ್ಕೆಂದು ಮಾರಲಾಗುತ್ತದೆ ಎಂಬುದೇ ಮುಖ್ಯ, ನಿಬಂಧನೆಯ ಒಕ್ಕಣೆಯೊಂದೇ ರಕ್ಷೆಯಾಗದು ಎಂಬುದನ್ನು ಆ ಪ್ರಕರಣ ಸ್ಪಷ್ಟಪಡಿಸಿತು.

ಇದರ ಹಿಂದಿರುವ ನ್ಯಾಯತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲೇ ಗುರುತಿಸಿತ್ತು. ಊರೂರಿನ ನ್ಯಾಯಾಲಯಗಳಲ್ಲಿ ಚದುರಿಬಿದ್ದ ಕಡತಗಳಿಗೂ, ಅವೆಲ್ಲವನ್ನೂ ಒಬ್ಬನ ಹೆಸರಿನಡಿ ಒಟ್ಟುಗೂಡಿಸಿದ ಎಫ್‌ಬಿಐ ಅಪರಾಧ ಪಟ್ಟಿಗೂ ಅಪಾರ ವ್ಯತ್ಯಾಸವಿದೆಯೆಂದೂ, ಅಂಥ ಸಂಕಲನದಲ್ಲಿ ವ್ಯಕ್ತಿಯ ಖಾಸಗಿತನದ ಹಿತ ಅಡಗಿದೆಯೆಂದೂ ಅದು ಹೇಳಿತು. ಒಟ್ಟುಗೂಡಿಸುವಾಗ ಹೆಸರಿನ ಹೋಲಿಕೆಯಿಂದ ಒಬ್ಬರ ಕಳಂಕ ಇನ್ನೊಬ್ಬರಿಗೆ ಅಂಟುವ ಅಪಾಯವೂ ಇರುವುದರಿಂದಲೇ, ಮಾಹಿತಿ ಸಾಧ್ಯವಾದಷ್ಟು ನಿಖರವಾಗಿರುವಂತೆ ಯುಕ್ತ ಕ್ರಮಗಳನ್ನು ಅನುಸರಿಸುವ ಹೊಣೆಯನ್ನು ಶಾಸನ ಸಂಸ್ಥೆಗಳ ಮೇಲೆ ಹೊರಿಸಿದೆ. ಆದರೂ ಈ ರಕ್ಷಣೆಗೆ ಮಿತಿಯಿದೆ: ಮಾಲೀಕನೇ ನೇರವಾಗಿ ನ್ಯಾಯಾಲಯದ ಕಡತ ತೆರೆದು ನೋಡಿದರೆ, ನಡುವೆ ವರದಿ ಸಂಸ್ಥೆ ಇಲ್ಲದ ಕಾರಣ, ಈ ಹಕ್ಕುಗಳು ಬಹುಮಟ್ಟಿಗೆ ಸಿಗುವುದಿಲ್ಲ.

ಭಾರತದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಕಾನೂನಿನ ಕಟ್ಟುಪಾಡಿನಿಂದ ಬಹಿರಂಗಗೊಂಡ ವೈಯಕ್ತಿಕ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಹಾಗೆಂದು ಇಲ್ಲಿ ದಾಖಲೆಗಳನ್ನು ಮುಚ್ಚುವುದು ಪರಿಹಾರವಲ್ಲ; ಪೂರ್ವಾಪರ ವಿಚಾರಿಸುವವರು ಮೊದಲೇ ತಿಳಿಸಬೇಕು, ವಿಚಾರಣೆಗೆ ಒಳಗಾದವನಿಗೆ ವರದಿ ಓದಿ ಉತ್ತರಿಸುವ ಅವಕಾಶವಿರಬೇಕು, ಹಳೆಯ ಆರೋಪಕ್ಕೆ ಕಾಲಮಿತಿ ಇರಬೇಕು. ಈ ಮೂರನ್ನು ಕಾನೂನಿನಲ್ಲಿ ಬರೆಯುವ ಕೆಲಸವನ್ನು ಸಂಸತ್ತು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.