ದೂರದ ಒಡೆಯ, ಸವೆಯುವ ಹೊಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಇಲ್ಲಿ ಕುಳಿತ ಹಲವರ ಹೆಸರು ಯಾವುದೋ ಹಳ್ಳಿಯ ಪಹಣಿಯಲ್ಲಿದೆ. ಬದುಕು ಮಾತ್ರ ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿದೆ. ನಾನೂ ಅವರಲ್ಲೊಬ್ಬ. ನೌಕರಿಗೆಂದು ಊರು ಬಿಟ್ಟೆ. ವಿಜಯಪುರದ ಕಡೆಯ ನಮ್ಮ ಎರೆಹೊಲವನ್ನು ಲಾವಣಿಗೆ ಕೊಟ್ಟೆ. ಸುಗ್ಗಿ ಮುಗಿದ ಮೇಲೆ ಹಣ ಬರುತ್ತಿತ್ತು. ಹೊಲ ನೋಡಲು ಹೋದದ್ದು ಹನ್ನೊಂದು ವರ್ಷದ ಮೇಲೆ. ಒಡ್ಡು ಒಡೆದು ನಡುಹೊಲದಲ್ಲಿ ಆಳೆತ್ತರದ ಕೊರಕಲು ಬಿದ್ದಿತ್ತು. ಸಿಟ್ಟಿನಿಂದ ಉಳುವವನನ್ನು ಕೇಳಿದೆ. ಆತ ಮೆಲ್ಲಗೆ ಹೇಳಿದ: “ಅಣ್ಣಾರ, ವರ್ಷಾ ಯುಗಾದಿಗೆ ಲಾವಣಿ ಮಾತಾಡ್ತೀರಿ. ಮುಂದಿನ ವರ್ಷ ಹೊಲ ನನ್ನ ಕೈಯಾಗ ಇರತೈತೋ ಇಲ್ಲೋ. ಒಡ್ಡು ಯಾರ ಸಲುವಾಗಿ ಹಾಕ್ಲಿ?”

ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೆ ಅದು ಸುಮಾರು 5 ಟನ್ ಆಗುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ನಮ್ಮ ಎರೆಹೊಲಗಳು ಮುಂಗಾರಿನಲ್ಲಿ ಬರಿದಾಗಿರುತ್ತವೆ. ಆಗ ಬಿದ್ದ ದೊಡ್ಡ ಮಳೆಗೆ ತಡೆಯಿಲ್ಲ. ಚೌಕುಮಡಿ ಕಟ್ಟಿದರೆ ಬಿದ್ದ ನೀರು ಅಲ್ಲಲ್ಲೇ ಇಂಗಿ ಹಿಂಗಾರಿಗೆ ಹಸಿ ಉಳಿಯುತ್ತದೆ. ಒಡ್ಡಿಗೆ ಗಟ್ಟಿ ಕೋಡಿ ಇದ್ದರೆ ಹೆಚ್ಚಾದ ನೀರು ಮಣ್ಣು ಬಿಟ್ಟು ತಾನಷ್ಟೇ ಹೋಗುತ್ತದೆ. ಇದು ಹಿರಿಯರಿಗೆ ಗೊತ್ತಿದ್ದ ವಿದ್ಯೆ. ಮರೆತವರು ನಾವು.

ಸರ್ಕಾರದ ನೆರವೂ ಇದೆ. ಜಲಾನಯನ ಕಾಮಗಾರಿಯಲ್ಲಿ ಬದು ಹಾಕುತ್ತಾರೆ. ಕೃಷಿಭಾಗ್ಯದಲ್ಲಿ ಕೃಷಿ ಹೊಂಡಕ್ಕೆ ಸಹಾಯಧನ ಸಿಗುತ್ತದೆ. ಆದರೆ ಅರ್ಜಿಗೆ ಪಹಣಿ ಬೇಕು, ಆಧಾರ್ ಬೇಕು, ಫ್ರೂಟ್ಸ್ ನೋಂದಣಿ ಬೇಕು. ಇವೆಲ್ಲ ಒಡೆಯನ ಹೆಸರಿನವು. 1974ರ ಮಾರ್ಚ್ 1ರಿಂದ, ಕೆಲವು ವಿನಾಯಿತಿ ಬಿಟ್ಟರೆ, ನಮ್ಮ ರಾಜ್ಯದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆಯಿಲ್ಲ. ಆದ್ದರಿಂದ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ. ಉಳುವವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಉಳುವವನು ಅರ್ಜಿ ಹಾಕುವಂತಿಲ್ಲ, ಹಾಕಬಹುದಾದ ಒಡೆಯ ಊರಿನಲ್ಲಿಲ್ಲ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ದೂರದ ಒಡೆಯರು ಇನ್ನೂ ಹೆಚ್ಚುವ ಕಾಲವಿದು.

“ನನ್ನ ಹೊಲ, ಹಾಳಾದರೆ ನನಗೆ ನಷ್ಟ” ಎನ್ನಬೇಡಿ. ನೀರು ಸರ್ವೆ ನಂಬರ್ ನೋಡಿ ಹರಿಯುವುದಿಲ್ಲ. ಬದುವಿನ ಕೆಲಸ ದಿನ್ನೆಯಿಂದ ತಗ್ಗಿಗೆ ಸಾಲಾಗಿ ನಡೆಯಬೇಕು. ನಡುವೆ ನಿಮ್ಮದೊಂದು ಹೊಲ ಬಿಟ್ಟುಹೋದರೆ ಅಲ್ಲಿ ನುಗ್ಗಿದ ನೀರು ಕೆಳಗಿನ ಬಡವನ ಒಡ್ಡನ್ನು ಒಡೆಯುತ್ತದೆ.

ಒಕ್ಕಲಿಗ ಮುದ್ದಣ್ಣ ಶರಣರಿಗೆ ಒಕ್ಕಲುತನವೇ ಕಾಯಕ. ಬೇರೆಯವನ ಬೆವರಿನ ಪಾಲನ್ನು ಮಾತ್ರ ಪಡೆದು, ಹೊಲದ ಕಡೆ ತಿರುಗಿಯೂ ನೋಡದ ನಮ್ಮದು ಯಾವ ಕಾಯಕ? ಮಠಕ್ಕೆ ಐದು ಚೀಲ ಜೋಳ ಕಳಿಸಿ ದಾಸೋಹ ಮಾಡಿದೆವೆಂದು ತೃಪ್ತಿಪಡುತ್ತೇವೆ. ಆ ಜೋಳ ಕೊಟ್ಟ ಮಣ್ಣನ್ನು ಮುಂದಿನವರಿಗೆ ಉಳಿಸುವುದೂ ದಾಸೋಹವೇ.

ಈ ಮುಂಗಾರಿಗೆ ಮುನ್ನ ಮೂರು ಕೆಲಸ ಮಾಡೋಣ. ಒಂದು, ಊರಿಗೆ ಹೋಗಿ ಉಳುವವನ ಜೊತೆ ಹೊಲದ ನಾಲ್ಕೂ ಬದು ಸುತ್ತೋಣ. ಎರಡು, ನಮ್ಮ ಕಾಗದಪತ್ರ ಸರಿಪಡಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ನಾವೇ ಅರ್ಜಿ ಕೊಡೋಣ. ಅಣ್ಣತಮ್ಮಂದಿರ ಹೆಸರು ಕೂಡಿದ್ದರೆ ಎಲ್ಲರೂ ಕುಳಿತು ಒಪ್ಪಿಗೆ ಮಾಡಿಕೊಳ್ಳೋಣ. ಮೂರು, ಒಡ್ಡಿನ ಖರ್ಚನ್ನು ಉಳುವವನ ತಲೆಗೆ ಕಟ್ಟದೆ ನಾವು ಹೊರೋಣ. ಒಡ್ಡು ಹಾಕಿ ಹೊಲ ಸುಧಾರಿಸಿತೆಂದು ಲಾವಣಿ ಏರಿಸದಿರೋಣ.

ಮಠಗಳಲ್ಲೂ ಒಂದು ವಿನಂತಿ. ಜಾತ್ರೆಗೆ ಪರಊರಿನ ಭಕ್ತರೆಲ್ಲ ಬರುತ್ತಾರೆ. ಅದೇ ದಿನ ಕೃಷಿ ಅಧಿಕಾರಿಗಳನ್ನು ಕರೆಸಿ ಆವರಣದಲ್ಲೇ ಅರ್ಜಿ ಬರೆಸುವ ವ್ಯವಸ್ಥೆಯಾಗಲಿ.

ನಾನು ಕೊರಕಲು ಮುಚ್ಚಿಸಿ ಒಡ್ಡು ಹಾಕಿಸಿದೆ. ಹೋದ ಮಳೆಗಾಲದಲ್ಲಿ ಆತ ಫೋನ್ ಮಾಡಿದ: “ಅಣ್ಣಾರ, ಒಡ್ಡು ನಿಂತೈತ್ರಿ.” ಅಷ್ಟೂ ವರ್ಷ ಬಂದ ಲಾವಣಿಯ ಹಣ ಆ ಒಂದು ಮಾತಿನಷ್ಟು ಸಂತೋಷ ಕೊಟ್ಟಿರಲಿಲ್ಲ.