ಎದೆಗೇರಿದ ಜಠರ

ಹಾರೂಗೇರಿ, ರಾಯಬಾಗ, ಅಥಣಿ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಆಯಿಗೆ ಎಂಬತ್ತು ದಾಟಿದೆ. ಜಠರ ಎದೆಗೆ ಏರಿದೆ, ಹರ್ನಿಯಾ ಅಂದರು. ಈ ವಯಸ್ಸಿಗೆ ಆಪರೇಶನ್ ತಾಳ್ಯಾಳೇನ್ರಿ?”

ಈ ಹರ್ನಿಯಾ ಇರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಜಠರದ ತುದಿಯಷ್ಟೇ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಕಿಂಡಿಯಿಂದ ಮೇಲಕ್ಕೆ ಜಾರಿರುತ್ತದೆ. ಅವರಿಗೆ ಗುಳಿಗೆ, ಸಂಜೆಯೇ ಊಟ, ತಲೆಗಡೆ ಮಂಚದ ಕಾಲಿಗೆ ಇಟ್ಟಿಗೆ, ಇಷ್ಟು ಸಾಮಾನ್ಯವಾಗಿ ಸಾಕು. ಹೊಟ್ಟೆಗೆ ಪಟ್ಟಾ ಮಾತ್ರ ಬಿಗಿಯಬೇಡಿ, ಅದು ಜಠರವನ್ನು ಇನ್ನೂ ಮೇಲಕ್ಕೆ ಒತ್ತುತ್ತದೆ.

ನನಗೆ ಭಯ ಇನ್ನೊಂದು ಬಗೆಯದರದು. ಅನ್ನನಾಳದ ಮಗ್ಗುಲಿನಿಂದ ಜಠರ ಮೇಲೆ ನುಗ್ಗಿ, ಎದೆಯಲ್ಲಿ ತಿರುಚಿಕೊಳ್ಳುವುದು. ಜೋಳದ ಚೀಲದ ಬಾಯಿ ತಿರುವಿ ಹಿಡಿಯಿರಿ, ಒಳಗಿನದು ಹೊರಬಾರದು, ಹೊರಗಿನದು ಒಳಹೋಗದು. ಜಠರಕ್ಕೋ ಎರಡು ಬಾಯಿ, ಎರಡೂ ಕಟ್ಟುತ್ತವೆ. ಉಬ್ಬುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ, ಗೋಡೆ ಸಾಯುತ್ತದೆ. ಮೇಲ್ಹೊಟ್ಟೆಯಲ್ಲಿ ತಡೆಯಲಾರದ ನೋವು, ಏನೂ ಬೀಳದ ಬರೀ ಓಕರಿಕೆ, ಮೂಗಿನಿಂದ ಹಾಕಿದ ನಳಿಗೆ ಜಠರಕ್ಕೆ ಇಳಿಯದಿರುವುದು: ಜರ್ಮನಿಯ ಸರ್ಜನ್ ಬೋರ್ಖಾರ್ಟ್ 1904ರಲ್ಲೇ ಬರೆದಿಟ್ಟ ಮೂರು ಗುರುತು. ಮೂರನೆಯದು ವೈದ್ಯರಿಗೆ, ಮೊದಲೆರಡು ನಿಮಗೆ. ಮತ್ತೊಮ್ಮೆ ಹೇಳುತ್ತೇನೆ: ನೋವಿದೆ, ಓಕರಿಕೆ ಇದೆ, ವಾಂತಿ ಮಾತ್ರ ಬೀಳುತ್ತಿಲ್ಲ ಎಂದರೆ ಬೆಳಗಾಗಲಿ ಅನ್ನಬೇಡಿ.

ಕಬ್ಬಿನ ಹಂಗಾಮಿನಲ್ಲಿ ಒಬ್ಬ ಮುತ್ಯಾನನ್ನು ನನ್ನಲ್ಲಿಗೆ ತಂದಿದ್ದರು. ಎರಡು ದಿನ ಗ್ಯಾಸ್ ಎಂದು ಸೋಡಾ ಕುಡಿಸಿದ್ದರು, ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸಿದ್ದರು. ಬಾಯಿ ಕಟ್ಟಿದ ಚೀಲಕ್ಕೆ ಇನ್ನಷ್ಟು ಗಾಳಿ ತುಂಬಿದ ಹಾಗಾಯಿತಲ್ಲ! ಮೊದಲು ಇಸಿಜಿ ತೆಗೆದೆವು, ಹೃದಯಾಘಾತ ಅಲ್ಲ. ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದರೆ, ಹೃದಯದ ನೆರಳಿನ ಹಿಂದೆ ಗುಂಡಗೆ ಕಪ್ಪು ಗಾಳಿ, ಅದರಡಿ ಹೊಂಡದ ನೀರಿನಂತೆ ಮಟ್ಟಸವಾದ ಗೆರೆ. ಸಿಟಿ ಸ್ಕ್ಯಾನ್ ಆಮೇಲಿನ ಮಾತು, ಸುಳಿವು ಅಲ್ಲೇ ಇತ್ತು. ಆ ರಾತ್ರಿಯೇ ಮಿರಜಕ್ಕೆ ಕಳಿಸಿದೆವು, ಬದುಕಿದರು.

ವಯಸ್ಸಾಯಿತು, ರಕ್ತ ಕಡಿಮೆ ಎಂದು ಟಾನಿಕ್ ಕುಡಿಸುತ್ತ ಕೂರುವವರಿಗೂ ಒಂದು ಮಾತು. ವಪೆಯ ಅಂಚಿಗೆ ಜಠರ ಉಜ್ಜಿ ಗಾಯವಾಗಿ, ಕಾಣದಂತೆ ರಕ್ತ ಸೋರುವುದುಂಟು. ಎಂಡೋಸ್ಕೋಪಿ ಮಾಡಿಸಿ.

ಇನ್ನು ಆಯಿಯ ಪ್ರಶ್ನೆ. ತೊಂದರೆಯೇ ಇಲ್ಲದಿದ್ದರೆ ನಿಗಾ ಇಟ್ಟು ಕಾಯಬಹುದು. ಉಂಡಾಗಲೆಲ್ಲ ಎದೆ ಹಿಡಿಯುತ್ತಿದ್ದರೆ, ರಕ್ತ ಇಳಿಯುತ್ತಿದ್ದರೆ, ಎಂಬತ್ತು ಎಂಬ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ. ಹೃದಯ, ಶ್ವಾಸಕೋಶ ತೋರಿಸಿ, ತಯಾರಿಯಿಂದ ದುರ್ಬೀನಿನ ಆಪರೇಶನ್ ಮಾಡಿಸುವುದು ತುರ್ತಿನಲ್ಲಿ ಮಾಡಿಸುವುದಕ್ಕಿಂತ ಎಷ್ಟೋ ಸುರಕ್ಷಿತ. ತೀರಾ ನಿತ್ರಾಣರಾದವರಿಗೆ ಜಠರವನ್ನು ಕೆಳಗೆಳೆದು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸುವ ಚಿಕ್ಕ ಉಪಾಯವೂ ಇದೆ.

ದಿನ ಗೊತ್ತು ಮಾಡುವಾಗ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೃಷ್ಣೆ ಉಕ್ಕಿ ಕುಡಚಿ–ಉಗಾರ ಸೇತುವೆ ಮುಳುಗಿದರೆ ಹಾರೂಗೇರಿ, ರಾಯಬಾಗ ಕಡೆಯವರಿಗೆ ಮಿರಜದ ಹಾದಿ ಸುತ್ತಾಗುತ್ತದೆ. ಆಗ ಓಕರಿಕೆ ಶುರುವಾದರೆ ನೀರಿಳಿಯಲಿ ಎಂದು ಕಾಯದೆ ಗಾಡಿಯನ್ನು ಬೆಳಗಾವಿಯ ಕಡೆ ತಿರುಗಿಸಿ.